ಫಿಟ್ಸ್ ನಿಂತಿತು, ಮಗಳು ಮಾತ್ರ ವಾಪಸ್ ಬರಲಿಲ್ಲ: ಫ್ಲೂ ಜ್ವರ ಮೆದುಳಿಗೆ ಏಟು ಕೊಟ್ಟ ಒಂದು ಪ್ರಕರಣ

ಮಲೆನಾಡಿನ ಒಂದು ತಾಲ್ಲೂಕು ಊರಿನಲ್ಲಿ ನಾನು ಮಕ್ಕಳ ಡಾಕ್ಟರು. ಇಲ್ಲಿ ಬರೆಯುತ್ತಿರುವುದು ನಾನೇ ನೋಡಿದ, ನಾನೇ ಎರಡು ಗಂಟೆ ತಡ ಮಾಡಿದ ಒಂದು ಮಗುವಿನ ಕಥೆ. ಮನೆಯವರು ಬರೆಯಿರಿ ಅಂದಿದ್ದಾರೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ, ಮಗುವನ್ನು ಪುಟ್ಟಿ ಎಂದು ಕರೆಯುತ್ತೇನೆ. ಕಾಯಿಲೆಯ ವಿವರ ಮಾತ್ರ ಹೇಗಿತ್ತೋ ಹಾಗೇ ಇದೆ.

ಪುಟ್ಟಿಗೆ ಆಗ 4 ವರ್ಷ 8 ತಿಂಗಳು. ತೂಕ 16 ಕೆಜಿ. ಅದಕ್ಕೆ ಮುಂಚೆ ಒಂದು ಸಲವೂ ಆಸ್ಪತ್ರೆಗೆ ಸೇರಿದವಳಲ್ಲ. ಫಿಟ್ಸ್ ಬಂದಿರಲಿಲ್ಲ, ಮನೆಯಲ್ಲಿ ಯಾರಿಗೂ ಬಂದಿರಲಿಲ್ಲ. ಅಂಗನವಾಡಿಯಲ್ಲಿ ಕೊಡುವ ಲಸಿಕೆ ಎಲ್ಲಾ ಸರಿಯಾಗಿ ಆಗಿತ್ತು. ಫ್ಲೂ ಲಸಿಕೆ ಆಗಿರಲಿಲ್ಲ. ಅದು ಸರ್ಕಾರದ ಪಟ್ಟಿಯಲ್ಲಿಲ್ಲ, ದುಡ್ಡು ಕೊಟ್ಟು ಹಾಕಿಸಬೇಕು. ಹೆಚ್ಚಿನವರು ಕೇಳುವುದಿಲ್ಲ, ನಾವೂ ಒತ್ತಿ ಹೇಳುವುದಿಲ್ಲ.

ಫೆಬ್ರವರಿ ತಿಂಗಳು. ಅಡಿಕೆ ಕೊಯ್ಲು ಮುಗಿಯುತ್ತಾ ಬಂದಿತ್ತು. ಮೊದಲು ಅಣ್ಣನಿಗೆ ನೆಗಡಿ ಜ್ವರ ಬಂತು, ಮೂರು ದಿನದಲ್ಲಿ ಹೋಯಿತು. ಆಮೇಲೆ ಅಜ್ಜಿಗೆ ಕೆಮ್ಮು. ಶನಿವಾರ ಸಂಜೆ ಪುಟ್ಟಿಗೆ ಮೂಗು ಸೋರಿ ಮೈ ಬಿಸಿಯಾಯಿತು. ಅಜ್ಜಿ ತುಳಸಿ, ಕಾಳುಮೆಣಸು ಹಾಕಿ ಕಷಾಯ ಮಾಡಿಕೊಟ್ಟರು, ಅಮ್ಮ ಪ್ಯಾರಾಸಿಟಮಾಲ್ ಸಿರಪ್ ಕೊಟ್ಟಳು. ಭಾನುವಾರ ಜ್ವರ 103 ದಾಟಿತು. ಮೆಡಿಕಲ್ ಸ್ಟೋರಿನಲ್ಲಿ ಕೇಳಿದ್ದಕ್ಕೆ ಮೆಫೆನಾಮಿಕ್ ಆಸಿಡ್ ಸೇರಿದ ಸಿರಪ್ ಕೊಟ್ಟರು. 'ಇದು ಸ್ವಲ್ಪ ಸ್ಟ್ರಾಂಗು, ಬೇಗ ಇಳಿಯುತ್ತೆ' ಅಂದರಂತೆ. ಎರಡು ಸಲ ಕೊಟ್ಟರು. ಜ್ವರ ಇಳಿಯಿತು, ಮತ್ತೆ ಏರಿತು.

ಆ ರಾತ್ರಿ ನಡೆದದ್ದನ್ನು ಅಮ್ಮ ನನಗೆ ಎಷ್ಟೋ ದಿನ ಆದ ಮೇಲೆ ಪೂರ್ತಿಯಾಗಿ ಹೇಳಿದಳು. ಹನ್ನೊಂದು ಗಂಟೆ ಹೊತ್ತಿಗೆ ಪುಟ್ಟಿ ಎದ್ದು ಕೂತು ಗೋಡೆಯನ್ನೇ ನೋಡುತ್ತಿದ್ದಳಂತೆ. 'ಹಲ್ಲಿ, ಎಷ್ಟೊಂದು ಹಲ್ಲಿ' ಅಂದಳಂತೆ. ಗೋಡೆ ಮೇಲೆ ಒಂದೂ ಹಲ್ಲಿ ಇರಲಿಲ್ಲ. ಅಮ್ಮನನ್ನು 'ಟೀಚರ್' ಎಂದು ಕರೆದಳು. ತನ್ನ ಕೈಯನ್ನೇ ಬಾಯಿಗಿಟ್ಟು ಕಚ್ಚಿದಳು. ಐದು ನಿಮಿಷ ಆದ ಮೇಲೆ ಮಲಗಿದಳು, ಒಂದು ಗಂಟೆಗೆ ಮತ್ತೆ ಎದ್ದು ಅದೇ ರೀತಿ. ಅಜ್ಜಿ 'ಸನ್ನಿ ಹಿಡಿದಿದೆ' ಅಂದರು. ದೃಷ್ಟಿ ತೆಗೆದು ಒಲೆಗೆ ಹಾಕಿದರು. ಅಪ್ಪ, 'ಜ್ವರ ಜಾಸ್ತಿ ಆದಾಗ ಮಕ್ಕಳು ಕನವರಿಸುತ್ತವೆ, ಬೆಳಿಗ್ಗೆ ತೋರಿಸೋಣ' ಅಂದ.

ಅಜ್ಜಿಯ ಆ ಒಂದು ಮಾತನ್ನು ನಾನು ಹಗುರವಾಗಿ ತಗೊಳ್ಳುವುದಿಲ್ಲ. ಸನ್ನಿ ಅನ್ನುವುದು ನಮ್ಮ ಹಳ್ಳಿಯವರಿಗೆ ಹಳೇ ಶಬ್ದ. ಜ್ವರದಲ್ಲಿ ಬುದ್ಧಿ ಕದಡಿದ್ದನ್ನು ಅವರು ಬರೀ ಜ್ವರದಿಂದ ಬೇರೆ ಮಾಡಿ ನೋಡುತ್ತಿದ್ದರು. ಜಪಾನಿನ ಮಕ್ಕಳ ವೈದ್ಯರು ಫ್ಲೂನಿಂದ ಮೆದುಳಿಗೆ ಏಟು ಬೀಳುವ ಮೊದಲು ಕಾಣುವ ಲಕ್ಷಣ ಎಂದು ಪಟ್ಟಿ ಮಾಡಿರುವುದೂ ಹೆಚ್ಚುಕಡಿಮೆ ಇದನ್ನೇ. ಅಪ್ಪ ಅಮ್ಮನ ಗುರುತು ಸಿಗದಿರುವುದು, ಇಲ್ಲದ್ದು ಕಾಣುವುದು, ತನ್ನ ಕೈಯನ್ನೇ ತಿನ್ನಲು ಹೋಗುವುದು, ಅರ್ಥವಿಲ್ಲದ ಮಾತು, ಕಾರಣವಿಲ್ಲದ ಹೆದರಿಕೆ. ಜ್ವರದ ಮಗು ಅರೆನಿದ್ದೆಯಲ್ಲಿ ಒಂದೆರಡು ಮಾತು ಬಡಬಡಿಸಿ, ಎಬ್ಬಿಸಿದರೆ 'ಅಮ್ಮ ನೀರು' ಅಂದರೆ ಅದು ಬೇರೆ. ಎಬ್ಬಿಸಿದ ಮೇಲೂ ಅಮ್ಮ ಯಾರೆಂದು ಗೊತ್ತಾಗದಿದ್ದರೆ, ಅದೂ ಬಿಟ್ಟು ಬಿಟ್ಟು ಮತ್ತೆ ಮತ್ತೆ ಆದರೆ, ಬೆಳಗಿನ ತನಕ ಕಾಯುವ ವಿಷಯ ಅಲ್ಲ.

ಸೋಮವಾರ ಬೆಳಗಿನ ಜಾವ ನಾಲ್ಕು ಗಂಟೆಗೆ ಫಿಟ್ಸ್ ಬಂತು. ಕೈಕಾಲು ಸೆಟೆದುಕೊಂಡವು, ಕಣ್ಣು ಮೇಲೆ ಹೋಯಿತು, ಬಾಯಲ್ಲಿ ನೊರೆ. ಕೈಗೆ ಬೀಗದಕೈ ಹಿಡಿಸಿದರು, ಮೂಗಿಗೆ ಈರುಳ್ಳಿ ಹಿಡಿದರು, ಹಲ್ಲಿನ ನಡುವೆ ಚಮಚ ತುರುಕಿದರು. ಮುಂದಿನ ಒಂದು ಹಾಲುಹಲ್ಲು ಮುರಿಯಿತು. ದಯವಿಟ್ಟು ಬಾಯಿಗೆ ಏನನ್ನೂ ಹಾಕಬೇಡಿ. ಮಗುವನ್ನು ಎಡಕ್ಕೆ ಹೊರಳಿಸಿ ಮಲಗಿಸಿ, ನೊರೆ ಹೊರಗೆ ಹರಿಯಲಿ, ಗಡಿಯಾರ ನೋಡಿ. ಅಷ್ಟೇ ಸಾಕು. ಸುಮಾರು ಎಂಟು ನಿಮಿಷಕ್ಕೆ ಅದು ತಾನಾಗೇ ನಿಂತಿತು. ಪಕ್ಕದ ಮನೆಯವರ ಓಮ್ನಿಯಲ್ಲಿ ಹಾಕಿಕೊಂಡು ಹೊರಟರು. ನಮ್ಮ ಆಸ್ಪತ್ರೆಯ ಗೇಟಿನ ಹತ್ತಿರ ಬರುವಾಗ ಎರಡನೇ ಸಲ ಶುರುವಾಯಿತು.

ನಾನು ನೋಡಿದಾಗ ಐದು ಗಂಟೆಗೆ ಹತ್ತು ನಿಮಿಷ ಕಡಿಮೆ. ಜ್ವರ 103.6. ಸಕ್ಕರೆ ನೋಡಿದೆ, 94. ಆಕ್ಸಿಜನ್ ಹಾಕಿ ಮೂಗಿಗೆ ಮಿಡಜೋಲಮ್ ಸ್ಪ್ರೇ ಕೊಟ್ಟೆ. ಎರಡು ಮೂರು ನಿಮಿಷದಲ್ಲಿ ಫಿಟ್ಸ್ ನಿಂತಿತು. ಮಗು ನಿದ್ದೆಗೆ ಜಾರಿತು. ಕುತ್ತಿಗೆ ಬಗ್ಗಿಸಿ ನೋಡಿದೆ, ಬಿಗಿ ಇರಲಿಲ್ಲ. ಮನೆಯವರಿಗೆ ಹೇಳಿದೆ: 'ಜ್ವರದ ಫಿಟ್ಸ್ ಇದು. ಈ ವಯಸ್ಸಿನ ಮಕ್ಕಳಿಗೆ ಬರುತ್ತೆ, ಹೆದರಬೇಡಿ. ಫಿಟ್ಸ್ ಆದ ಮೇಲೆ ಮಲಗುವುದು ಸಹಜ, ಔಷಧಿಯ ಮಂಪರೂ ಇದೆ. ಮಲಗಲಿ. ಲ್ಯಾಬ್ ತೆಗೆದ ಮೇಲೆ ರಕ್ತ ಪರೀಕ್ಷೆ ಮಾಡೋಣ.'

ನನ್ನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. 6 ತಿಂಗಳಿಂದ 5 ವರ್ಷದ ನಡುವಿನ ನೂರು ಮಕ್ಕಳಲ್ಲಿ ಎರಡರಿಂದ ಐದು ಮಕ್ಕಳಿಗೆ ಯಾವಾಗಲಾದರೂ ಒಮ್ಮೆ ಜ್ವರದ ಫಿಟ್ಸ್ ಬರುತ್ತದೆ. ಬಹುಪಾಲು ಮಕ್ಕಳು ಏನೂ ಆಗದೆ ಬೆಳೆಯುತ್ತಾರೆ. ಆದರೆ ಸಾಧಾರಣ ಜ್ವರದ ಫಿಟ್ಸ್ ಎನ್ನಲು ಕಟ್ಟುನಿಟ್ಟಾದ ಷರತ್ತುಗಳಿವೆ. 15 ನಿಮಿಷದೊಳಗೆ ನಿಲ್ಲಬೇಕು, ಇಡೀ ಮೈಗೆ ಬಂದಿರಬೇಕು, 24 ಗಂಟೆಯಲ್ಲಿ ಒಂದೇ ಸಲ ಬಂದಿರಬೇಕು. ಈ ಮಗುವಿಗೆ ಒಂದು ಗಂಟೆಯೊಳಗೆ ಎರಡು ಸಲ ಬಂದಿತ್ತು. ಅಲ್ಲಿಗೇ ನಾನು ಆ ಹೆಸರನ್ನು ಕೈಬಿಡಬೇಕಿತ್ತು. ರಾತ್ರಿ ಹೇಗಿದ್ದಳು, ಏನು ಮಾತಾಡಿದಳು ಎಂದೂ ನಾನು ಕೇಳಲಿಲ್ಲ. 'ಜ್ವರ ಎಷ್ಟಿತ್ತು' ಎಂದು ಮಾತ್ರ ಕೇಳಿದೆ.

ಏಳೂಕಾಲಿಗೆ ಅಮ್ಮ ಬಂದು ಬಾಗಿಲಲ್ಲಿ ನಿಂತಳು. 'ಡಾಕ್ಟ್ರೇ, ಕಣ್ಣು ಬಿಟ್ಟಿದ್ದಾಳೆ. ಆದ್ರೆ ನನ್ನ ನೋಡ್ತಿಲ್ಲ.'

ಹೋಗಿ ನೋಡಿದೆ. ಕಣ್ಣು ಅರ್ಧ ತೆರೆದಿತ್ತು, ದೃಷ್ಟಿ ಎಲ್ಲೂ ನಿಲ್ಲುತ್ತಿರಲಿಲ್ಲ. ಹೆಸರು ಕರೆದೆ, ಓಗೊಡಲಿಲ್ಲ. ಎದೆಮೂಳೆಯ ಮೇಲೆ ಗೆಣ್ಣಿನಿಂದ ಒತ್ತಿದೆ. ನನ್ನ ಕೈಯನ್ನು ತಳ್ಳುವ ಬದಲು ಅವಳ ಎರಡೂ ತೋಳು ನೆಟ್ಟಗೆ ಚಾಚಿಕೊಂಡು ಒಳಮುಖವಾಗಿ ತಿರುಚಿಕೊಂಡವು. ಆ ದೃಶ್ಯವನ್ನು ಒಮ್ಮೆ ನೋಡಿದ ಡಾಕ್ಟರು ಮರೆಯುವುದಿಲ್ಲ. ಮೆದುಳಿನ ಆಳದಲ್ಲಿ ಏನೋ ಕೆಟ್ಟದಾಗಿದೆ ಎಂದು ಅದರ ಅರ್ಥ. ಪಾದದ ಅಡಿ ಗೀರಿದರೆ ಹೆಬ್ಬೆರಳು ಮೇಲಕ್ಕೆ ಎದ್ದಿತು, ಅದೂ ಮೆದುಳಿನ ತೊಂದರೆಯ ಗುರುತೇ. ಮಿಡಜೋಲಮ್ ಮಂಪರು ಇಷ್ಟು ಹೊತ್ತು ಇರುವುದಿಲ್ಲ, ಈ ತರಹ ಇರುವುದೂ ಇಲ್ಲ.

ಆಮೇಲಿನ ಒಂದು ಗಂಟೆ ಬೇಗ ಬೇಗ ಕೆಲಸ. ತಲೆ ಭಾಗ ಎತ್ತರಿಸಿದೆವು. ಮೆದುಳಿನ ಊತ ಇಳಿಯಲಿ ಎಂದು ಮೂರು ಪರ್ಸೆಂಟ್ ಸಲೈನ್ 80 ಮಿಲಿ ಕೊಟ್ಟೆವು. ಫಿಟ್ಸ್ ಮತ್ತೆ ಬರದ ಹಾಗೆ ಲೆವೆಟಿರಾಸಿಟಮ್. ಮೆನಿಂಜೈಟಿಸ್, ಅಂದರೆ ಮೆದುಳಿನ ಪೊರೆಯ ಸೋಂಕು ಇದ್ದರೆ ಎಂದು ಸೆಫ್ಟ್ರಿಯಾಕ್ಸೋನ್, ಹರ್ಪಿಸ್ ವೈರಸ್ ಇದ್ದರೆ ಎಂದು ಅಸೈಕ್ಲೋವಿರ್. ಮನೆಯಲ್ಲಿ ಎಲ್ಲರಿಗೂ ನೆಗಡಿ ಜ್ವರ ಇತ್ತಲ್ಲ, ಫ್ಲೂ ಇರಬಹುದು ಎಂದು ಮೂಗಿನ ಟ್ಯೂಬಿನಲ್ಲಿ ಫ್ಲೂ ವೈರಸ್ಸಿನ ಔಷಧಿ ಒಸೆಲ್ಟಾಮಿವಿರ್ 45 ಮಿಲಿಗ್ರಾಂ ಹಾಕಿದೆ. ವರದಿ ಬಂದ ಮೇಲೆ ಶುರು ಮಾಡೋಣ ಎಂದು ಕೂತಿದ್ದರೆ ಒಂದು ದಿನ ಹೋಗುತ್ತಿತ್ತು. ಎಂಟೂವರೆಗೆ ಆಂಬುಲೆನ್ಸ್ ಹೊರಟಿತು. ನಮ್ಮ ಸಿಸ್ಟರ್ ಜೊತೆಗೆ ಹೋದರು. ಘಟ್ಟದ ತಿರುವುಗಳಲ್ಲಿ ಒಂದು ಕೈಯಲ್ಲಿ ಸ್ಟ್ರೆಚರಿನ ಕಂಬಿ ಹಿಡಿದು, ಇನ್ನೊಂದು ಕೈಯಲ್ಲಿ ಮಗುವಿನ ಗಲ್ಲ ಎತ್ತಿ ಉಸಿರಿನ ದಾರಿ ತೆರೆದಿಟ್ಟುಕೊಂಡು ಎರಡೂವರೆ ಗಂಟೆ ಕೂತಿದ್ದರು. ಈ ಮಗು ಉಳಿದದ್ದರಲ್ಲಿ ಅವರ ಪಾಲು ದೊಡ್ಡದು.

ಈ ಕಡೆ ಜ್ವರ ಬಂದು ಪ್ರಜ್ಞೆ ತಪ್ಪಿದರೆ ಎಲ್ಲರ ಬಾಯಲ್ಲೂ ಬರುವ ಮೊದಲ ಹೆಸರು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ರೋಗ, ಕಾಡಿನ ಉಣುಗು ಕಚ್ಚಿ ಬರುತ್ತದೆ, ಡಿಸೆಂಬರ್‌ನಿಂದ ಮೇ ತನಕ ಅದರ ಕಾಲ. ಪುಟ್ಟಿಯ ಅಪ್ಪ ಕೊಟ್ಟಿಗೆಗೆ ಹಾಸಲು ಒಣ ಎಲೆ ತರಲು ಕಾಡಿಗೆ ಹೋಗಿದ್ದ, ಮೈಮೇಲೆ ಉಣುಗು ಹತ್ತಿತ್ತು ಎಂದೂ ಹೇಳಿದ. ಹಾಗಾಗಿ ಆ ಅನುಮಾನ ತಪ್ಪೇನಲ್ಲ. ಆದರೆ ಮಂಗನ ಕಾಯಿಲೆಯಲ್ಲಿ ಮೆದುಳಿನ ತೊಂದರೆ ಬರುವುದು ಸಾಮಾನ್ಯವಾಗಿ ಎರಡನೇ ಸುತ್ತಿನಲ್ಲಿ. ಮೊದಲ ಜ್ವರ ಬಿಟ್ಟು, ಒಂದೆರಡು ವಾರ ಆರಾಮಿದ್ದು, ಆಮೇಲೆ. ಈ ಮಗು ಜ್ವರ ಶುರುವಾದ 36 ಗಂಟೆಯೊಳಗೆ ಬಿದ್ದಿದ್ದಳು. ಡೆಂಗಿ, ಜಪಾನೀಸ್ ಎನ್ಸೆಫಲೈಟಿಸ್, ಸ್ಕ್ರಬ್ ಟೈಫಸ್, ಮಲೇರಿಯಾ, ಎಲ್ಲವನ್ನೂ ದೊಡ್ಡಾಸ್ಪತ್ರೆಯಲ್ಲಿ ನೋಡಿದರು. ಒಂದೂ ಇರಲಿಲ್ಲ. ಮಂಗನ ಕಾಯಿಲೆಯ ಪರೀಕ್ಷೆಯೂ ನೆಗೆಟಿವ್ ಬಂತು.

ಮೂಗಿನ ಸ್ವಾಬ್ ಪಿಸಿಆರ್‌ನಲ್ಲಿ ಬಂದದ್ದು ಇನ್‌ಫ್ಲುಯೆಂಜಾ ಎ, ಎಚ್1ಎನ್1. 2009ರಲ್ಲಿ ಹಂದಿಜ್ವರ ಎಂದು ಊರೆಲ್ಲ ಹೆದರಿದ್ದ ಅದೇ ವೈರಸ್. ಈಗ ಅದು ಪ್ರತಿ ವರ್ಷ ಬಂದು ಹೋಗುವ ಮಾಮೂಲಿ ಫ್ಲೂ. ಅಣ್ಣನಿಗೂ ಅಜ್ಜಿಗೂ ಬಂದದ್ದು ಬಹುಶಃ ಇದೇ ಇರಬೇಕು.

ಎಂಆರ್‌ಐ ನೋಡಿದಾಗ ಹೆಸರು ಸಿಕ್ಕಿತು. ಮೆದುಳಿನ ನಡುಮಧ್ಯದಲ್ಲಿ ಎಡಕ್ಕೊಂದು ಬಲಕ್ಕೊಂದು, ಹಸಿ ಅಡಿಕೆ ಗಾತ್ರದ ಎರಡು ಗಂಟುಗಳಿವೆ. ಥಾಲಮಸ್ ಅನ್ನುತ್ತೇವೆ. ಕಣ್ಣು, ಕಿವಿ, ಚರ್ಮದಿಂದ ಬರುವ ಸುದ್ದಿಯೆಲ್ಲ ಇಲ್ಲಿ ಹಾದು ಮೇಲೆ ಹೋಗಬೇಕು. ಎಚ್ಚರ ಅನ್ನುವುದು ಉಳಿಯಲೂ ಇದು ಬೇಕು. ಪುಟ್ಟಿಯ ಎರಡೂ ಥಾಲಮಸ್ ಊದಿಕೊಂಡು, ನಡುವೆ ಸಣ್ಣ ಸಣ್ಣ ರಕ್ತಸ್ರಾವ ಆಗಿತ್ತು. ಎಡಕ್ಕೂ ಬಲಕ್ಕೂ ಕನ್ನಡಿ ಹಿಡಿದ ಹಾಗೆ ಒಂದೇ ತರಹ. ಕೆಳಗಿನ ಬ್ರೈನ್‌ಸ್ಟೆಮ್, ಅಂದರೆ ಉಸಿರು ಮತ್ತು ಹೃದಯವನ್ನು ನಡೆಸುವ ಭಾಗ, ಉಳಿದಿತ್ತು. ಅದೇ ನಮ್ಮ ಪುಣ್ಯ. ಈ ಕಾಯಿಲೆಗೆ ಅಕ್ಯೂಟ್ ನೆಕ್ರೋಟೈಸಿಂಗ್ ಎನ್ಸೆಫಲೋಪತಿ ಎಂದು ಹೆಸರು. ಜಪಾನಿನ ಮಿಜುಗುಚಿ ಮತ್ತು ಅವರ ಜೊತೆಯವರು 1995ರಲ್ಲಿ ಇದನ್ನು ಬೇರೆ ಕಾಯಿಲೆ ಎಂದು ವಿವರಿಸಿದರು.

ಇಲ್ಲಿ ಎಲ್ಲರೂ ಕೇಳುವ ಪ್ರಶ್ನೆ, ವೈರಸ್ ಮೆದುಳಿಗೆ ಹೋಯಿತಾ ಅಂತ. ಬಹುತೇಕ ಇಲ್ಲ. ಬೆನ್ನಿನಿಂದ ನೀರು ತೆಗೆದು ನೋಡಿದಾಗ ಅದರಲ್ಲಿ ವೈರಸ್ ಸಿಗಲಿಲ್ಲ. ಸೋಂಕಿನ ವಿರುದ್ಧ ಹೋರಾಡುವ ಬಿಳಿ ಕಣಗಳೂ ಇರಲಿಲ್ಲ. ಪ್ರೋಟೀನ್ ಮಾತ್ರ 180 ಇತ್ತು, 45ರ ಒಳಗೆ ಇರಬೇಕಾದದ್ದು. ಅಂದರೆ ರಕ್ತನಾಳಗಳು ಸೋರಿವೆ. ವೈರಸ್ ಇರುವುದು ಮೂಗು, ಗಂಟಲು, ಶ್ವಾಸಕೋಶದಲ್ಲಿ. ಅದನ್ನು ಓಡಿಸಲು ದೇಹ ಸೈಟೋಕೈನ್ ಎಂಬ ರಾಸಾಯನಿಕಗಳನ್ನು ಬಿಡುತ್ತದೆ. ಕೆಲವು ಮಕ್ಕಳಲ್ಲಿ ಅದು ಮಿತಿ ಮೀರುತ್ತದೆ. ಮೆದುಳಿನ ರಕ್ತನಾಳಗಳ ಒಳಗೋಡೆ ಸಡಿಲವಾಗಿ ನೀರು, ಪ್ರೋಟೀನ್, ಕೊನೆಗೆ ರಕ್ತವೇ ಹೊರಗೆ ಜಿನುಗುತ್ತದೆ. ಇದು ಮೆದುಳಿನದ್ದು ಮಾತ್ರ ಅಲ್ಲ. ಪುಟ್ಟಿಯ ಪ್ಲೇಟ್‌ಲೆಟ್ 98,000ಕ್ಕೆ ಇಳಿದಿತ್ತು, ಲಿವರ್ ಕಿಣ್ವಗಳು ಐದಾರು ಪಟ್ಟು ಏರಿದ್ದವು. ಇಡೀ ಮೈಯಲ್ಲಿ ಎದ್ದ ಬಿರುಗಾಳಿ, ಹೆಚ್ಚು ಏಟು ಬಿದ್ದದ್ದು ಥಾಲಮಸ್‌ಗೆ.

'ಜ್ವರ ನೆತ್ತಿಗೇರಿ ಹೀಗಾಯ್ತು' ಎಂದು ನೆಂಟರು ಹೇಳಿದರಂತೆ, ಅಮ್ಮನಿಗೆ ಅದೊಂದು ದೊಡ್ಡ ಕೊರಗು. ಒದ್ದೆಬಟ್ಟೆ ಹಾಕಲಿಲ್ಲ, ನನ್ನಿಂದಲೇ ಆಯ್ತು ಅಂತ. ಇಲ್ಲಮ್ಮ, ಹಾಗಲ್ಲ. 103, 104 ಜ್ವರ ತಾನಾಗಿ ಮೆದುಳನ್ನು ಸುಡುವುದಿಲ್ಲ. ಜ್ವರವೂ ಮೆದುಳಿನ ಪೆಟ್ಟೂ ಒಂದೇ ಬಿರುಗಾಳಿಯಿಂದ ಬಂದವು. ಎಷ್ಟು ಒದ್ದೆಬಟ್ಟೆ ಹಾಕಿದ್ದರೂ ಇದು ತಪ್ಪುತ್ತಿರಲಿಲ್ಲ. ಈ ಮಾತನ್ನು ಅವಳಿಗೆ ನಾನು ಆರೇಳು ಸಲ ಹೇಳಿದ್ದೇನೆ, ಇನ್ನೂ ಹೇಳುತ್ತೇನೆ.

ಸಿರಪ್ ವಿಷಯಕ್ಕೆ ಬರುತ್ತೇನೆ, ಇದು ನನಗೆ ತುಂಬ ಮುಖ್ಯ. ಪುಟ್ಟಿಗೆ ಆದದ್ದು ಮೆಫೆನಾಮಿಕ್ ಆಸಿಡ್‌ನಿಂದ ಎಂದು ನಾನು ಹೇಳುತ್ತಿಲ್ಲ. ಅದಕ್ಕೆ ಸಾಕ್ಷಿ ಇಲ್ಲ. ಆದರೆ ಜಪಾನಿನಲ್ಲಿ ಫ್ಲೂ ಎನ್ಸೆಫಲೋಪತಿಯ, ಅಂದರೆ ಫ್ಲೂನಿಂದ ಮೆದುಳಿಗೆ ಏಟು ಬಿದ್ದ ಮಕ್ಕಳನ್ನು ಲೆಕ್ಕ ಹಾಕಿ ನೋಡಿದಾಗ ಡೈಕ್ಲೋಫೆನಾಕ್, ಮೆಫೆನಾಮಿಕ್ ಆಸಿಡ್ ತಗೊಂಡವರಲ್ಲಿ ಸಾವು ಜಾಸ್ತಿ ಕಂಡಿತು. 2000 ಮತ್ತು 2001ರಲ್ಲಿ ಅಲ್ಲಿನ ಸರ್ಕಾರ ಫ್ಲೂ ಇರುವ ಮಕ್ಕಳಿಗೆ ಇವುಗಳ ಬಳಕೆಗೆ ಕಡಿವಾಣ ಹಾಕಿತು. ನಮ್ಮಲ್ಲಿ ಅದೇ ಮೆಫೆನಾಮಿಕ್ ಆಸಿಡ್ ಚೀಟಿ ಇಲ್ಲದೆ ಕೌಂಟರಿನಲ್ಲಿ ಸಿಗುತ್ತದೆ, ಡಾಕ್ಟರುಗಳೂ ಬರೆಯುತ್ತಾರೆ. ನಾನೂ ಬರೆಯುತ್ತಿದ್ದೆ. ಈಗ ಬರೆಯುವುದಿಲ್ಲ. ನಿಮೆಸುಲೈಡ್ ಎಂಬ ಇನ್ನೊಂದು ಜ್ವರದ ಔಷಧಿಯನ್ನು 12 ವರ್ಷದ ಒಳಗಿನ ಮಕ್ಕಳಿಗೆ ಕೊಡಬಾರದು ಎಂದು ಭಾರತ ಸರ್ಕಾರ 2011ರಲ್ಲೇ ನಿಷೇಧಿಸಿದೆ. ಆಸ್ಪಿರಿನ್ ಕಥೆ ಇನ್ನೂ ಹಳೆಯದು. 1963ರಲ್ಲಿ ಆಸ್ಟ್ರೇಲಿಯಾದ ಡಗ್ಲಾಸ್ ರೈ, ಫ್ಲೂ ಅಥವಾ ಸೀತಾಳೆ ಆದ ಮೇಲೆ ಮಕ್ಕಳಿಗೆ ಲಿವರ್ ಕೆಟ್ಟು ಮೆದುಳು ಊದುವ ರೋಗವನ್ನು ವಿವರಿಸಿದರು. 1980ರಲ್ಲಿ ಅಮೆರಿಕದಲ್ಲಿ ಅಂಥ 555 ಮಕ್ಕಳ ವರದಿ ಬಂತು. ಮಕ್ಕಳಿಗೆ ಆಸ್ಪಿರಿನ್ ಕೊಡಬೇಡಿ ಎಂದು ಹೇಳಿದ ಮೇಲೆ ಇಳಿಯುತ್ತಾ ಬಂದು, 1994ರ ನಂತರದ ವರ್ಷಗಳಲ್ಲಿ ವರ್ಷಕ್ಕೆ ಎರಡಕ್ಕಿಂತ ಹೆಚ್ಚಾಗಲಿಲ್ಲ. ಮಗುವಿಗೆ ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ತೂಕಕ್ಕೆ ತಕ್ಕಷ್ಟು, ಕೆಜಿಗೆ 15 ಮಿಲಿಗ್ರಾಂ ಮೀರದಂತೆ. ಇಳಿದು ಮತ್ತೆ ಏರಿದರೆ ಅದು ಔಷಧಿಯ ತಪ್ಪಲ್ಲ, ವೈರಲ್ ಜ್ವರದ ಸ್ವಭಾವ.

ಚಿಕಿತ್ಸೆ. ದೊಡ್ಡಾಸ್ಪತ್ರೆ ತಲುಪಿದ ಕೂಡಲೇ ವೆಂಟಿಲೇಟರ್ ಹಾಕಿದರು. ಸಿಟಿಯಲ್ಲೇ ಎರಡೂ ಥಾಲಮಸ್ ಕಪ್ಪಾಗಿ ಕಂಡದ್ದರಿಂದ ಅಲ್ಲಿನ ಡಾಕ್ಟರು ಎಂಆರ್‌ಐಗೂ ಪಿಸಿಆರ್‌ಗೂ ಕಾಯದೆ ಮಧ್ಯಾಹ್ನ ಮೂರು ಗಂಟೆಗೆ ಮಿಥೈಲ್ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಶುರು ಮಾಡಿದರು. ದಿನಕ್ಕೆ 480 ಮಿಲಿಗ್ರಾಂ, ಐದು ದಿನ. ಮೊದಲ ಫಿಟ್ಸ್ ಆಗಿ 11 ಗಂಟೆ ಆಗಿತ್ತು. ಈ ಗಂಟೆ ಲೆಕ್ಕಕ್ಕೆ ಅರ್ಥ ಇದೆ. ಬ್ರೈನ್‌ಸ್ಟೆಮ್ ಉಳಿದಿರುವ ಮಕ್ಕಳಿಗೆ 24 ಗಂಟೆಯೊಳಗೆ ಸ್ಟೀರಾಯ್ಡ್ ಸಿಕ್ಕರೆ ಫಲ ಚೆನ್ನಾಗಿರುತ್ತದೆ ಎಂದು ಜಪಾನಿನವರು 2009ರಲ್ಲಿ ಪ್ರಕಟಿಸಿದ್ದಾರೆ. ಅದರ ಜೊತೆ ಇಮ್ಯುನೊಗ್ಲಾಬ್ಯುಲಿನ್, ಅಂದರೆ ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳು, 32 ಗ್ರಾಂ, ಎರಡು ದಿನಕ್ಕೆ ಹಂಚಿ. ಒಸೆಲ್ಟಾಮಿವಿರ್ ಮುಂದುವರಿಯಿತು. ಇಮ್ಯುನೊಗ್ಲಾಬ್ಯುಲಿನ್ ದುಬಾರಿ. ಅಪ್ಪ ಅಡಿಕೆ ಮಂಡಿಗೆ ಫೋನ್ ಮಾಡಿ ಮುಂದಿನ ವರ್ಷದ ಬೆಳೆಯ ಮೇಲೆ ಮುಂಗಡ ತಗೊಂಡ. ಆ ಸಾಲ ತೀರಿಸಲು ಎರಡು ಫಸಲು ಬೇಕಾಯಿತು.

ಒಂಬತ್ತು ದಿನ ವೆಂಟಿಲೇಟರ್. ತೆಗೆದ ಮೇಲೂ ಕಣ್ಣು ಶೂನ್ಯ. ಹದಿಮೂರನೇ ದಿನ ಅಪ್ಪ ಮೊಬೈಲಿನಲ್ಲಿ ಮನೆಯ ಕರುವಿನ ವಿಡಿಯೋ ಹಾಕಿ ಅವಳ ಮುಖದ ಮುಂದೆ ಹಿಡಿದಿದ್ದ. ಕರು ಅಂಗಳದಲ್ಲಿ ಎಡದಿಂದ ಬಲಕ್ಕೆ ಓಡುತ್ತದೆ. ಅವಳ ಕಣ್ಣೂ ಎಡದಿಂದ ಬಲಕ್ಕೆ ಹೋಯಿತು. ಅವನಿಗೆ ನಂಬಿಕೆ ಬರಲಿಲ್ಲ, ಮತ್ತೆ ಹಾಕಿದ, ಮತ್ತೆ ಹೋಯಿತು. ಅಲ್ಲೇ ನಿಂತು ನನಗೆ ಫೋನ್ ಮಾಡಿದ, ಏನೂ ಹೇಳಲು ಆಗದೆ ಬರೀ ಉಸಿರು ಕೇಳಿಸುತ್ತಿತ್ತು. ನಾನು ಕೆಟ್ಟದ್ದೇ ಆಯಿತು ಅಂದುಕೊಂಡೆ.

26ನೇ ದಿನ ಮನೆಗೆ ಬಂದಳು. ಮೂಗಿನಲ್ಲಿ ಟ್ಯೂಬ್, ಕತ್ತು ನಿಲ್ಲುತ್ತಿರಲಿಲ್ಲ, ಬಲಗೈ ಬಲಗಾಲು ಸೋತಿದ್ದವು. ಮನೆಗೆ ಹೋದ ಮೇಲೆ ಇಷ್ಟೊಂದು ಕೆಲಸ ಇದೆ ಎಂದು ದೊಡ್ಡಾಸ್ಪತ್ರೆಯಲ್ಲಿ ಯಾರೂ ಸರಿಯಾಗಿ ಹೇಳಿಕೊಟ್ಟಿರಲಿಲ್ಲ, ಅದು ನನಗೆ ಬೇಸರದ ವಿಷಯ. ಟ್ಯೂಬಿನಲ್ಲಿ ಗಂಜಿ ಹಾಕುವುದು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಕೈಕಾಲು ಬಿಗಿಯದ ಹಾಗೆ ಬಿಡಿಸುವುದು, ಇದೆಲ್ಲ ಅಜ್ಜಿಯೂ ಅಮ್ಮನೂ ನಮ್ಮ ಫಿಸಿಯೋ ಹುಡುಗಿಯಿಂದ ಕಲಿತರು. ಕಂಬದಿಂದ ಕಂಬಕ್ಕೆ ಅಡಿಕೆ ಒಣಗಿಸುವ ದಬ್ಬೆಯನ್ನೇ ಕಟ್ಟಿ ಹಿಡಿದು ನಡೆಯಲು ದಾರಿ ಮಾಡಿದರು. ಮೂರು ತಿಂಗಳಿಗೆ ಕಾಲು ಅಗಲಿಸಿಕೊಂಡು ನಡೆದಳು. ಆರು ತಿಂಗಳಿಗೆ ಎರಡು ಮೂರು ಪದದ ವಾಕ್ಯ. ಫಿಟ್ಸ್ ಮತ್ತೆ ಬರಲಿಲ್ಲ, ಒಂದೂವರೆ ವರ್ಷಕ್ಕೆ ಔಷಧಿ ನಿಧಾನವಾಗಿ ನಿಲ್ಲಿಸಿದೆವು.

ಬೇರೆ ಮಕ್ಕಳ ಲೆಕ್ಕ ನೋಡಿದರೆ ಇದು ಒಳ್ಳೆಯ ಫಲವೇ. ಅಮೆರಿಕದಲ್ಲಿ 2023ರ ಅಕ್ಟೋಬರ್‌ನಿಂದ 2025ರ ಮೇ ತನಕ 23 ಆಸ್ಪತ್ರೆಗಳಲ್ಲಿ ಫ್ಲೂನಿಂದ ಇದೇ ಕಾಯಿಲೆ ಬಂದ 41 ಮಕ್ಕಳ ವಿವರ ಪ್ರಕಟವಾಗಿದೆ. ಹೆಚ್ಚಿನವರು ಅಲ್ಲಿಯವರೆಗೆ ಆರೋಗ್ಯವಾಗಿದ್ದವರು. ನಡುವಣ ವಯಸ್ಸು 5. ಅವರಲ್ಲಿ 11 ಮಕ್ಕಳು ತೀರಿಕೊಂಡರು. ಲಸಿಕೆಯ ಮಾಹಿತಿ ಇದ್ದ 38 ಮಕ್ಕಳಲ್ಲಿ ಆ ವರ್ಷದ ಫ್ಲೂ ಲಸಿಕೆ ಆಗಿದ್ದದ್ದು 6 ಮಕ್ಕಳಿಗೆ ಮಾತ್ರ. ಈ ಕೊನೆಯ ಸಂಖ್ಯೆ ಓದಿದ ದಿನ ನಾನು ನನ್ನ ಮೇಜಿನ ಮೇಲೆ ಫ್ಲೂ ಲಸಿಕೆಯ ಬೋರ್ಡ್ ಇಟ್ಟೆ. ಭಾರತದ ಮಕ್ಕಳ ತಜ್ಞರ ಸಂಘ 6 ತಿಂಗಳಿಂದ 5 ವರ್ಷದ ತನಕ ಪ್ರತಿ ವರ್ಷ ಹಾಕಿಸಿ ಅನ್ನುತ್ತದೆ. ಮೊದಲ ಸಲ ಆದರೆ ನಾಲ್ಕು ವಾರ ಬಿಟ್ಟು ಎರಡು ಡೋಸ್. ಲಸಿಕೆ ಹಾಕಿಸಿದರೆ ಫ್ಲೂ ಬರುವುದೇ ಇಲ್ಲ ಎಂದಲ್ಲ. ಬಂದರೂ ಆಸ್ಪತ್ರೆ ಸೇರುವಷ್ಟು ಜೋರಾಗುವುದು ಕಡಿಮೆ.

ಇದನ್ನೆಲ್ಲ ಓದಿ ಪ್ರತಿ ನೆಗಡಿಗೂ ಹೆದರಬೇಡಿ. ಫ್ಲೂ ಬಂದ ಮಕ್ಕಳಲ್ಲಿ ಬಹುಪಾಲು ಐದಾರು ದಿನಕ್ಕೆ ಎದ್ದು ಓಡಾಡುತ್ತವೆ. ನರಗಳ, ಸ್ನಾಯುಗಳ ತೊಂದರೆ ಬಂದರೂ ಹೆಚ್ಚಿನವು ಹಗುರ. ಜ್ವರ ಬಿಟ್ಟ ಮೇಲೆ ಶಾಲೆಗೆ ಹೋಗುವ ಹುಡುಗನಿಗೆ ಮೀನಖಂಡ ನೋವಾಗಿ ಎರಡು ದಿನ ತುದಿಗಾಲಲ್ಲಿ ನಡೆಯುವುದನ್ನು ವರ್ಷಕ್ಕೆ ಒಂದೆರಡು ಸಲ ನೋಡುತ್ತೇನೆ. ಅದು ಸ್ನಾಯುವಿನ ಉರಿ, ತಾನಾಗೇ ಹೋಗುತ್ತದೆ. ಅಪ್ಪ ಅಮ್ಮ ಪೋಲಿಯೋ ಎಂದು ಹೆದರಿ ಓಡಿ ಬರುತ್ತಾರೆ.

ನನ್ನ ಕೆಲಸದಲ್ಲಿ ಬದಲಾದದ್ದು ಒಂದು ಪ್ರಶ್ನೆ. ಫಿಟ್ಸ್ ಆದ ಮಗುವಿನ ಹತ್ತಿರ ಈಗ ನಾನು ಅರ್ಧ ಗಂಟೆಗೊಮ್ಮೆ ಹೋಗುತ್ತೇನೆ, ಅಮ್ಮನನ್ನೇ ಕರೆಯಲು ಹೇಳುತ್ತೇನೆ, 'ನಿಮ್ಮ ಮಗು ಹೇಗೆ ನೋಡುತ್ತೋ ಹಾಗೆ ನೋಡಿತಾ?' ಎಂದು ಕೇಳುತ್ತೇನೆ. ಒಂದು ಗಂಟೆ ಕಳೆದರೂ ಉತ್ತರ 'ಹೂಂ' ಅಂತ ಬರದಿದ್ದರೆ ರೆಫರಲ್ ಚೀಟಿ ಬರೆಯಲು ಶುರು ಮಾಡುತ್ತೇನೆ. ನಾಲ್ಕು ಸಲ ಹಾಗೆ ಕಳಿಸಿದ್ದೇನೆ. ಮೂವರು ದಾರಿಯಲ್ಲೇ ಎದ್ದು ಬಿಸ್ಕತ್ತು ಕೇಳಿದರು. ಒಬ್ಬನಿಗೆ ಮೆನಿಂಜೈಟಿಸ್ ಇತ್ತು. ಸುಮ್ಮನೆ ಕಳಿಸಿದಿರಿ ಎಂದು ಆ ಮೂವರ ಮನೆಯವರು ಬೈದುಕೊಂಡರೂ ನನಗೆ ಬೇಸರ ಇಲ್ಲ.

'ಅಣ್ಣನಿಗೂ ಹೀಗೇ ಆಗಬಹುದಾ?' ಎಂದು ಅಮ್ಮ ಕೇಳಿದ್ದಳು. ಕೆಲವು ಕುಟುಂಬಗಳಲ್ಲಿ ಆರ್‌ಎಎನ್‌ಬಿಪಿ2 ಎಂಬ ಜೀನಿನ ಬದಲಾವಣೆಯಿಂದ ಇದು ಮತ್ತೆ ಮತ್ತೆ ಬರುತ್ತದೆ ಎಂದು 2009ರಲ್ಲಿ ಗೊತ್ತಾಗಿದೆ. ರಕ್ತ ಕಳಿಸಿದೆವು, ಪುಟ್ಟಿಯಲ್ಲಿ ಅದು ಇರಲಿಲ್ಲ. ಹಾಗಾಗಿ ಅಣ್ಣನಿಗೆ ಬೇರೆ ಮಕ್ಕಳಿಗಿಂತ ಹೆಚ್ಚು ಅಪಾಯ ಇದೆ ಎನ್ನಲು ಕಾರಣ ಕಾಣಲಿಲ್ಲ. ಆದರೂ ಈಗ ಪ್ರತಿ ವರ್ಷ ಇಬ್ಬರಿಗೂ ಲಸಿಕೆ. ಅಜ್ಜಿಯೂ ಹಾಕಿಸಿಕೊಂಡರು, 'ಮನೆಗೆ ನಾನೇ ತರಬಾರದಲ್ಲ' ಅಂದರು.

ಪುಟ್ಟಿ ಈಗ ಎರಡನೇ ಕ್ಲಾಸು. ಮಾತು ಸ್ವಲ್ಪ ನಿಧಾನ, ಕೋಪ ಬೇಗ ಬರುತ್ತದೆ. ಬಲಗೈ ಸುಮ್ಮನಿದ್ದಾಗ ಸುಮ್ಮನಿರುತ್ತದೆ, ಪೆನ್ಸಿಲ್ ಕಾಗದಕ್ಕೆ ತಾಗುವ ಹೊತ್ತಿಗೆ ನಡುಗುತ್ತದೆ. ಅ, ಆ ದೊಡ್ಡದಾಗಿ ಬರೆದರೆ ಬರುತ್ತದೆ, ಒತ್ತಕ್ಷರ ಇನ್ನೂ ಗೆರೆಯೊಳಗೆ ಕೂರುವುದಿಲ್ಲ. ಪೆನ್ಸಿಲಿಗೆ ಸೈಕಲ್ ಹ್ಯಾಂಡಲಿನ ರಬ್ಬರ್ ಹಿಡಿ ಹಾಕಿಕೊಟ್ಟಿದ್ದಾನೆ ಅಪ್ಪ, ಅದರಿಂದ ಸ್ವಲ್ಪ ವಾಸಿ. ಪರೀಕ್ಷೆಯಲ್ಲಿ ಅವಳಿಗೆ ಅರ್ಧ ಗಂಟೆ ಜಾಸ್ತಿ ಕೊಡಿ ಎಂದು ಶಾಲೆಗೆ ಪತ್ರ ಬರೆದುಕೊಟ್ಟಿದ್ದೇನೆ, ಟೀಚರ್ ಒಪ್ಪಿದ್ದಾರೆ. ಎಡಗೈಯಲ್ಲಿ ಬರೆಯಲು ಕಲಿಸಬೇಕಾ ಬೇಡವಾ ಎಂದು ಇನ್ನೂ ತೀರ್ಮಾನ ಮಾಡಿಲ್ಲ. ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ಒಮ್ಮೆ ಬರೆಸಿ ನೋಡುತ್ತೇವೆ.